ಹಿಂದಿನ ಬೆಂಚಿನ ಪೆನ್ಸಿಲ್

ಇಂಗ್ಲಿಷ್ ಕಲಿಸುವ ಶಿಕ್ಷಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಚೆಂಬೂರಿನ ಹಾಲ್‌ನಲ್ಲಿ ಪ್ರತಿ ಸಲ ಮೂರು ದಿನ ಗಂಟಲು ಹರಿದುಕೊಂಡು ಹೇಳುತ್ತೇನೆ: ಲಂಡನ್ನಿನವರದೊಂದೇ ಇಂಗ್ಲಿಷ್ ಅಲ್ಲ, ನೈಜೀರಿಯಾದವರದೂ ಇಂಗ್ಲಿಷೇ, ಸಿಂಗಪುರದವರದೂ ಇಂಗ್ಲಿಷೇ, ನಮ್ಮದೂ ಇಂಗ್ಲಿಷೇ. ಎಲ್ಲರೂ ತಲೆದೂಗುತ್ತಾರೆ. ಸಿಲೆಬಸ್ ಬದಲಾದ ಮೇಲೆ ನಾನೂ ಬದಲಾಗಿದ್ದೇನೆ ಎಂದೇ ನಂಬಿದ್ದೆ.

ಒಂದು ಸಲ ಧಾರಾವಿಯಿಂದ ಒಬ್ಬ ಶಿಕ್ಷಕಿ ಬಂದಿದ್ದಳು. ತಂದೆತಾಯಿ ವಿಜಯಪುರದ ಕಡೆಯವರು. ಸಾಂತಾಕ್ರೂಜ್‌ನ ಒಂದು ಶಾಲೆಯಲ್ಲಿ ಐದು ವರ್ಷದಿಂದ ಒಂದನೇ ಕ್ಲಾಸಿಗೆ ರೈಮ್ಸ್ ಹೇಳಿಕೊಟ್ಟು ಅವಳಿಗೆ ಸಾಕಾಗಿತ್ತು. ಏಳನೇ ಕ್ಲಾಸಿನ ಇಂಗ್ಲಿಷ್ ಬೇಕಿತ್ತು. ಅದು ಸಿಗಬೇಕಾದರೆ ತರಬೇತಿ ಮುಗಿದ ಮೇಲೆ ತನ್ನ ಶಾಲೆಯಲ್ಲಿ ಒಂದು ಪಾಠ ಮಾಡಿ ತೋರಿಸಬೇಕು. ಪ್ರಿನ್ಸಿಪಾಲರೂ ನಾನೂ ನೋಡಬೇಕು.

ಪಾಠ ಭರ್ಜರಿಯಾಗಿಯೇ ಶುರುವಾಯಿತು. ಲೋಕಲ್ ರೈಲಿನಲ್ಲಿ ಸೀಟಿಗಾಗಿ ನಡೆಯುವ ಜಗಳವನ್ನು ಮಕ್ಕಳಿಂದ ಇಂಗ್ಲಿಷಿನಲ್ಲಿ ಆಡಿಸಿದಳು. ಅವಳ ಇಂಗ್ಲಿಷಿನಲ್ಲಿ ವಿಜಯಪುರದ ಏರಿಳಿತ ಹಾಗೇ ಇತ್ತು. ಮಕ್ಕಳು ನಾ ಮುಂದು ತಾ ಮುಂದು ಎಂದು ಎದ್ದು ಮಾತಾಡುತ್ತಿದ್ದರು. ನಡುವೆ ನನ್ನತ್ತ ನೋಡಿದವಳು ತಡವರಿಸಿದಳು. ಪುಸ್ತಕ ತೆಗೆದು ಓದತೊಡಗಿದಳು, ಪೀರಿಯಡ್ ಮುಗಿಯುವತನಕ ಓದುತ್ತಲೇ ಇದ್ದಳು.

ನಮ್ಮಲ್ಲಿ ಹಿಂದೆ ಒಂದು ಪದ್ಧತಿಯಿತ್ತು: ತರಬೇತುದಾರರು ಹಿಂದಿನ ಬೆಂಚಿನಲ್ಲಿ ಕೂತು, ಶಿಕ್ಷಕರ ಉಚ್ಚಾರ ತಪ್ಪಿದಾಗಲೆಲ್ಲ ಪೆನ್ಸಿಲ್ ಎತ್ತುವುದು. ಅದನ್ನು ಬಿಟ್ಟು ವರ್ಷಗಳಾಗಿದ್ದವು. ತರಬೇತಿಯ ಮೊದಲ ದಿನ ತಮಾಷೆಗೆ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿಯೂ ಇದ್ದೆ. ಅವಳು ತಡವರಿಸಿದಾಗ ನೋಡಿಕೊಂಡರೆ ನನ್ನ ಕೈಯ ಪೆನ್ಸಿಲ್ ಕಿವಿಯ ಮಟ್ಟಕ್ಕೆ ಎದ್ದಿತ್ತು! ಅಷ್ಟರೊಳಗೆ ಎಷ್ಟು ಸಲ ಎತ್ತಿದ್ದೆನೋ, ದೇವರೇ ಬಲ್ಲ.

ಕಾರಿಡಾರಿನಲ್ಲಿ ಅವಳ ಕ್ಷಮೆ ಕೇಳಿದೆ.

"ಇರ್ಲಿ ಬಿಡ್ರಿ ಮೇಡಮ್," ಎಂದಳು. "ನಮಗೆಲ್ಲಾ ಮೂರು ದಿನಾ ಹೇಳಿದ್ರಿ. ನಿಮ್ಮ ಕೈಗೆ ಹೇಳೂದು ಮರತ್ರೇನ್ರಿ?"

ನಗುತ್ತಲೇ ಅಂದಳು, ಕಣ್ಣು ಮಾತ್ರ ಕೆಂಪಾಗಿದ್ದವು. ನನಗೆ ನಾಚಿಕೆಯಾಯಿತು. ನನ್ನ ಮೇಲೇ ಸಿಟ್ಟೂ ಬಂತು.

ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಪಾಠ ಕೆಡಿಸಿದ್ದು ನಾನು, ಅವಳಿಗೆ ಇನ್ನೊಂದು ಅವಕಾಶ ಕೊಡಿ ಎಂದೆ. ಮಂಗಳೂರು ಕಡೆಯವರಾದ ಅವರು ನನ್ನನ್ನು ಕೂರಿಸಿ ಚಹಾ ತರಿಸಿದರು.

"ಛೆ ಛೆ, ನಿಮ್ಮದೆಂಥ ತಪ್ಪು ಮೇಡಮ್? ಏಳನೇ ಕ್ಲಾಸ್ ಬೇರೆ ಟೀಚರಿಗೆ ಕೊಟ್ಟಾಯ್ತು ಮಾರಾಯ್ರೆ. ಅವರ ಇಂಗ್ಲಿಷ್ ನೀವೊಮ್ಮೆ ಕೇಳ್ಬೇಕು," ಎಂದು ಹೊಗಳಿದರು. "ಥೇಟ್ ನಿಮ್ಮ ಹಾಗೇ ಮಾತಾಡ್ತಾರೆ."