ಜೈಬುನ್ನಿಸಾ ಟೀಚರ್ ಮತ್ತು ಹಲ್ಲಿನ ಮಿಷಿನ್ನು

ಯಾರ ಮನೆಗೆ ಹೋದರೂ ಜೈಬುನ್ನಿಸಾ ಟೀಚರ್ ಮೊದಲು ಆ ಮನೆಯ ಟ್ರಂಕನ್ನು ಮುಟ್ಟಿ ನೋಡುತ್ತಿದ್ದರು. ಕಾಫಿ ಲೋಟ ಆಮೇಲೆ. ಹೆಬ್ಬೆರಳನ್ನು ಟ್ರಂಕಿನ ಅಂಚಿನ ಮೇಲೆ ಎಳೆದು, "ಇದು ಅವಸರದಲ್ಲಿ ಮಡಿಸಿರೋದು" ಎಂದೋ, "ಇವ್ನ್ಯಾರೋ ಕಲಿತೋನು" ಎಂದೋ ತೀರ್ಪು ಕೊಟ್ಟು ಕೂರುತ್ತಿದ್ದರು. ತವರಿನವರು ನನ್ನ ಮದುವೆಗೆ ಕೊಟ್ಟ ಟ್ರಂಕನ್ನೂ ಬಿಡಲಿಲ್ಲ. "ಬೇಜಾರ್ ಮಾಡ್ಕೋಬೇಡಿ ಪಾರ್ವತಿ, ನಿಮ್ಮ ಟ್ರಂಕು ಸೊಟ್ಟ" ಎಂದರು. ಆ ಮುಚ್ಚಳ ಯಾಕೆ ಕೂರುವುದಿಲ್ಲ ಎಂದು ಅಷ್ಟು ವರ್ಷ ಗುದ್ದಾಡಿದವಳಿಗೆ ಅಂದು ಕಾರಣ ತಿಳಿಯಿತು. ಅದೂ ಒಂದು ಉಪಕಾರವೇ ಅಂದುಕೊಂಡೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ತುಮಕೂರಿನ ಮರಳೂರಿನಲ್ಲಿ ನಮ್ಮ ಪಕ್ಕದ ಮನೆಗೆ ಬಂದರು. ಗುಬ್ಬಿಯ ಶಾಲೆಯೊಂದರಲ್ಲಿ ಕ್ರಾಫ್ಟ್ ಟೀಚರ್, ಒಂಟಿ ಹೆಂಗಸು. ಅವರ ಅಬ್ಬಾ ಟ್ರಂಕು ಮಾಡುತ್ತಿದ್ದವರು. ಮಗಳು ಬಳಪ ಹಿಡಿಯುವ ಮೊದಲೇ ಕೊಡತಿ ಹಿಡಿದಿದ್ದಳಂತೆ. ತರಬೇತಿಗೆಂದು ಮಂಗಳೂರಿಗೆ ಹೋದಾಗ ಬಂದರಿನಲ್ಲಿ ಹಡಗು ನೋಡಿ, "ಇದೂ ತಗಡೇ ತಾನೇ!" ಎಂದುಕೊಂಡರಂತೆ. ಅಂದಿನಿಂದ ಭಾನುವಾರ ಬಂತೆಂದರೆ ಬಿಸ್ಕತ್ತಿನ ಡಬ್ಬ, ಎಣ್ಣೆ ಡಬ್ಬ ಕತ್ತರಿಸಿ ಮೊಳದುದ್ದದ ಹಡಗು ಕಟ್ಟುವುದೇ ಕೆಲಸ. ಮಾರುವುದಕ್ಕಲ್ಲ, ಬಹುಮಾನಕ್ಕಲ್ಲ. ತೇಲುವುದನ್ನು ನೋಡುವುದಕ್ಕೆ.

ಆದರೆ ನಮ್ಮ ಬೀದಿಗೆ ಬಂದ ವರ್ಷವೇ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬಲ ಕೂಡಲಿಲ್ಲ. ಸುತ್ತಿಗೆ ಎತ್ತಿದರೆ ಮೊಣಕೈವರೆಗೂ ನೋವು. ಎಡಗೈಯಲ್ಲಿ ತಟ್ಟಿದ ಮಡಿಕೆಗಳು ಹಾವಿನ ಹಾಗೆ ಓಡುತ್ತಿದ್ದವು. ನಮ್ಮ ನೀರಿನ ತೊಟ್ಟಿಯಲ್ಲಿ ಬಿಟ್ಟರೆ ಹಡಗು ಎಡಕ್ಕೆ ವಾಲಿ, ಒಂದು ಗಳಿಗೆ ಯೋಚಿಸಿ, ಗುಳುಕ್ ಎಂದು ಮುಳುಗುತ್ತಿತ್ತು.

ನಮ್ಮ ಯಜಮಾನರಿಗೆ ಇದೇ ತಮಾಷೆ. "ಏನ್ ಟೀಚರಮ್ಮ, ಇವತ್ತು ಎಷ್ಟು ಜನ ಹೋದ್ರು ಹಡಗಲ್ಲಿ?" ಎಂದು ಕಾಂಪೌಂಡಿನ ಮೇಲಿಂದ ಕೇಳುವರು.

"ನಿಮ್ಮನ್ನ ಹತ್ತಿಸ್ಬೇಕು ಅಂತಿದ್ದೆ ಸ್ವಾಮಿ, ಜಸ್ಟ್ ಮಿಸ್ಸು" ಎಂದು ಅವರೂ ಬಿಡುತ್ತಿರಲಿಲ್ಲ.

ಮೂರನೆಯ ಹಡಗು ಮುಳುಗಿದ ದಿನ ಮಾತ್ರ ಅವರು ನಗಲಿಲ್ಲ. ಅದನ್ನು ಮೇಲೆತ್ತಲೂ ಇಲ್ಲ. ತೊಟ್ಟಿಯ ಕಟ್ಟೆ ಮೇಲೆ ಕೂತು, "ಕೈ ಹೋಯ್ತು ಪಾರ್ವತಿ. ತಗಡು ಬಗ್ಗಿಸೋ ಚಿಕ್ಕ ಮಿಷಿನ್ನು ಒಂದು ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಅಬ್ಬಾನ ಸಾಮಾನೆಲ್ಲ ಗುಜರಿಗೆ" ಎಂದರು. ಹುಡುಗಾಟದ ದನಿಯಾಗಿರಲಿಲ್ಲ. ಆ ಸಂಜೆ ದೀಪ ಹಚ್ಚುವಾಗ ನಮ್ಮ ಶಿವನಿಗೆ ಒಂದು ಕಾಯಿ ಹರಸಿಕೊಂಡೆ. ಹಡಗಿಗೆ ಹರಕೆ ಹೊತ್ತವಳು ತುಮಕೂರಿನಲ್ಲಿ ನಾನೊಬ್ಬಳೇ ಇರಬೇಕು.

ನಮ್ಮೂರ ಅಂಚಿನ ಸತ್ಯಮಂಗಲದಲ್ಲಿ ಹಳೆಯ ಮಿಷಿನ್ನು ಮಾರುವ ಅಂಗಡಿಯಲ್ಲಿ ಅಂಥವು ಎರಡು ಬಂದಿವೆ ಎಂದು ತಿಳಿಯಿತು. ಹೊರಡುವ ದಿನ ಬೆಳಿಗ್ಗೆ ನಾನು ಗುಡಿಗೆ ಕೊಡಲು ವಿಭೂತಿ ಪೊಟ್ಟಣ ಕಟ್ಟುತ್ತಿದ್ದೆ. ಟೀಚರ್ ಹಳೆಯ ಲಗ್ನಪತ್ರಿಕೆಯೊಂದನ್ನು ತೆಗೆದುಕೊಂಡು ಮಣೆಯ ಅಂಚಿಗೆ ಒತ್ತಿ ಮಡಿಸತೊಡಗಿದರು, ಹಡಗಿನ ಕೋಣೆಯ ಅಳತೆಗೆ. ಎದುರುಬದುರಿನ ಎರಡು ಗೋಡೆ ಎದ್ದವು. ಮೂರನೆಯದನ್ನು ಮಡಿಸಲು ಹೋದರೆ ಎದ್ದು ನಿಂತ ಆ ಎರಡು ಗೋಡೆಗಳೇ ಮಣೆಗೆ ಅಡ್ಡ. ನಾನು ಹಾಗೇ ಪಕ್ಕದಲ್ಲಿದ್ದ ಬೆಂಕಿಪೊಟ್ಟಣ ಕೊಟ್ಟೆ. ಅದು ಎರಡು ಗೋಡೆಗಳ ನಡುವೆ ಸರಿಯಾಗಿ ಕೂತಿತು. ಅದಕ್ಕೆ ಒತ್ತಿ ಮಡಿಸಿದರೆ ಮೂರನೆಯದೂ ಎದ್ದಿತು, ನಾಲ್ಕನೆಯದೂ ಎದ್ದಿತು. ಟೀಚರ್ ಬೆಂಕಿಪೊಟ್ಟಣವನ್ನೇ ನೋಡುತ್ತಾ ಕೂತರು. ಆಮೇಲೆ ಅದನ್ನು ಚೀಲಕ್ಕೆ ಹಾಕಿಕೊಂಡರು. ಮಧ್ಯಾಹ್ನ ಒಲೆ ಹಚ್ಚಲು ನಾನು ಪಕ್ಕದ ಬೀದಿಯಿಂದ ಬೆಂಕಿ ತರಬೇಕಾಯಿತು, ಅದು ಬೇರೆ ಮಾತು.

ಅಂಗಡಿಯವನು ನಮ್ಮಿಬ್ಬರ ಹಿಂದೆ ಯಾರಾದರೂ ಗಂಡಸು ಬರುತ್ತಾನೇನೋ ಎಂದು ಬಾಗಿಲ ಕಡೆ ನೋಡಿದ.

"ಯಜಮಾನ್ರು ಬರ್ಲಿಲ್ವಾ ಅಮ್ಮ?"

"ನಾನೇ ಯಜಮಾನಿ. ತೋರ್ಸಪ್ಪ" ಎಂದರು ಟೀಚರ್.

ಒಂದು ಮಿಷಿನ್ನು ಉದ್ದಕ್ಕೆ, ಹಸಿರು ಬಣ್ಣ, ಮದುಮಗಳ ಹಾಗೆ ಹೊಳೆಯುತ್ತಿತ್ತು. ತಗಡನ್ನು ಒತ್ತಿ ಹಿಡಿಯುವ ಪಟ್ಟಿ ಒಂದೇ ತುಂಡು. ಇನ್ನೊಂದು ಗಿಡ್ಡ, ತುಕ್ಕು ಹಿಡಿದದ್ದು. ಅದರ ಪಟ್ಟಿ ತುಂಡು ತುಂಡಾಗಿ ಹಲ್ಲು ಜೋಡಿಸಿದ ಹಾಗಿತ್ತು. ಬೇಕಾದ ತುಂಡನ್ನು ಬಿಚ್ಚಿ ತೆಗೆಯಬಹುದು. ನಾನು ಹಸಿರಿನ ಕಡೆಗೇ. "ಲಕ್ಷಣವಾಗಿದೆ ಟೀಚರ್" ಎಂದು ಪಿಸುಗುಟ್ಟಿದೆ.

ಟೀಚರ್ ಚೀಲದಿಂದ ಮೂಲೆ ಕತ್ತರಿಸಿದ ಬಿಸ್ಕತ್ ಡಬ್ಬದ ತಗಡು ತೆಗೆದರು. "ಇದ್ರಲ್ಲಿ ನಾಲ್ಕು ಗೋಡೆ ಎಬ್ಬಿಸಿ ಕೊಡಿ."

ಹಸಿರು ಮಿಷಿನ್ನಿನಲ್ಲಿ ಅವನು ಎದುರುಬದುರಿನ ಎರಡು ಗೋಡೆ ಚಕಚಕನೆ ಎಬ್ಬಿಸಿದ. ಮೂರನೆಯದಕ್ಕೆ ಪಟ್ಟಿ ಕೆಳಗೆ ಬರಲಿಲ್ಲ. ತಿರುಗಿಸಿದ, ಮಗ್ಗುಲು ಬದಲಿಸಿದ, ಬೆವರು ಒರೆಸಿಕೊಂಡ.

"ಮಿಕ್ಕಿದ್ದು ಸುತ್ತಿಗೇಲಿ ತಟ್ಕೊಂಡ್ರಾಯ್ತಮ್ಮ."

"ತಟ್ಟೋ ಕೈ ಇದ್ದಿದ್ರೆ ನಿನ್ನ ಅಂಗ್ಡಿಗೆ ಯಾಕಪ್ಪ ಬರ್ತಿದ್ದೆ? ಆ ಗಿಡ್ಡದು ತೋರ್ಸು."

"ಅದಾ? ಹಲ್ಲುದುರಿದ ಮುದುಕಿ ಥರ ಐತೆ. ಯಾರೂ ಕೇಳಲ್ಲ ಅದನ್ನ."

"ನನ್ನನ್ನೂ ಯಾರೂ ಕೇಳಲಿಲ್ಲ. ತೋರ್ಸು."

ಟೀಚರ್ ತಾವೇ ಎರಡು ಹಲ್ಲು ಬಿಚ್ಚಿದರು. ಬೆಂಕಿಪೊಟ್ಟಣದಷ್ಟೇ ಅಗಲದ ಒಂದನ್ನು ನಡುವೆ ಬಿಟ್ಟರು. ಎದ್ದ ಗೋಡೆಗಳು ಖಾಲಿ ಜಾಗದಲ್ಲಿ ಹೋಗಿ ನಿಂತವು. ಹಿಡಿಯನ್ನು ಎಡಗೈಯಿಂದಲೇ ಎತ್ತಿದರು. ಮೂರನೆಯ ಗೋಡೆ. ತಿರುಗಿಸಿ ನಾಲ್ಕನೆಯದು. ಹೆಬ್ಬೆರಳನ್ನು ಅಂಚಿನ ಮೇಲೆ ಎಳೆದರು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಬಗ್ಗಲಿಲ್ಲ: "ಕಟ್ಕೊಡಪ್ಪ. ಮುದುಕೀನ ಹುಷಾರಾಗಿ ಕಟ್ಟು."

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಮಿಷಿನ್ನಿಗೂ ಸಿಕ್ಕಿತು. ದೇವರ ದಯೆಯನ್ನು ನಾನು ಎಣಿಸುತ್ತಾ ಕೂತೆ.

ಆ ಸಲ ಮಳೆ ಚೆನ್ನಾಗಿ ಆಗಿ ನನ್ನ ತವರು ಕುಣಿಗಲ್ಲಿನ ಕೆರೆ ತುಂಬಿತ್ತು. ಹೊಸ ಹಡಗನ್ನು ಅಲ್ಲಿಗೇ ಒಯ್ದೆವು. ತಮಾಷೆ ನೋಡಲೆಂದೇ ಯಜಮಾನರೂ ಬಂದರು. "ನನ್ನ ಪ್ರಾರ್ಥನೆ ಆಯ್ತು. ನಿಮ್ಮದು?" ಎಂದು ಟೀಚರ್ ನನ್ನನ್ನು ಕೇಳಿದರು. ನನ್ನದು ಬಸ್ಸಿನಲ್ಲೇ ಆಗಿತ್ತು. ಟೀಚರ್ ಸೋಪಾನದ ಕೊನೆಯ ಮೆಟ್ಟಿಲಲ್ಲಿ ಕೂತು, ಹಡಗಿನೊಳಗಿನ ಪುಟ್ಟ ಮೋಟಾರಿನ ತಂತಿಯನ್ನು ಟಾರ್ಚಿನ ಸೆಲ್ಲಿಗೆ ಜೋಡಿಸಿ, ಹಡಗನ್ನು ನೀರಿಗೆ ಬಿಟ್ಟರು. ನಾವು ಮೂವರೂ ಅಭ್ಯಾಸಬಲದಿಂದ ಎಡಗಡೆಗೆ ವಾಲಿ ನೋಡಿದೆವು. ಹಡಗು ವಾಲಲಿಲ್ಲ. ಗುರ್ ಎಂದು ಮುಂದಕ್ಕೆ ಹೋಯಿತು. ಹೋಗುತ್ತಲೇ ಇತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ನಿಂತು, "ನೋಡ್ರೇ, ನೋಡ್ರೇ!" ಎಂದು ಕೂಗಿದರು.

ಹಡಗಿಗೆ ದಾರ ಕಟ್ಟಲು ಮಾತ್ರ ಟೀಚರ್ ಮರೆತಿದ್ದರು. ಮೂರು ಹಡಗು ಮುಳುಗಿಸಿದವರಿಗೆ ದಾರದ ಯೋಚನೆ ಎಲ್ಲಿಂದ ಬರಬೇಕು? ಕೊನೆಗೆ ಪಂಚೆ ಎತ್ತಿ ಕಟ್ಟಿ, ಎದೆಯವರೆಗೂ ನೀರಿಗಿಳಿದು, ಹಡಗನ್ನು ತಲೆಯ ಮೇಲೆ ಹೊತ್ತು ತಂದವರು ನಮ್ಮ ಯಜಮಾನರು.

"ಎಷ್ಟು ಜನ ಹೋದ್ರು ಸ್ವಾಮಿ ಹಡಗಲ್ಲಿ?" ಎಂದರು ಟೀಚರ್.

"ತಪ್ಪಾಯ್ತು ಕಣಮ್ಮ, ಬುಡು" ಎಂದರು ಇವರು, ನೀರು ತೊಟ್ಟಿಕ್ಕಿಸುತ್ತಾ.

ನಿವೃತ್ತಿಯಾದ ಮೇಲೆ ಟೀಚರ್ ಗುಬ್ಬಿಯಲ್ಲಿದ್ದ ತಂಗಿಯ ಮನೆಗೆ ಹೋದರು. ಹೊರಡುವ ದಿನ ಹೇಳಿಹೋಗಲು ಬಂದವರು ನಮ್ಮ ದೇವರ ಗೂಡಿನ ಮುಂದೆ ನಿಂತುಬಿಟ್ಟರು. ಸತ್ಯಮಂಗಲದಲ್ಲಿ ಆ ಗಿಡ್ಡ ಮಿಷಿನ್ನಿನಲ್ಲಿ ಮಡಿಸಿದ ಮೊದಲ ಡಬ್ಬಿ ಅಲ್ಲಿತ್ತು. ಅದರಲ್ಲಿ ನಾನು ವಿಭೂತಿ ಇಡುತ್ತಿದ್ದೆ.

"ಅರೆ, ಬಿಸ್ಕತ್ ಡಬ್ಬ ಇದು! ದೇವ್ರ ಹತ್ರ ಇಟ್ಟಿದ್ದೀರಲ್ಲ?"

"ಹರಕೆ ಫಲಿಸಿದ್ದು ಅದ್ರಲ್ಲೇ ಅಲ್ವಾ ಟೀಚರ್?"

ಅವರು ಕೈ ಒರೆಸಿಕೊಂಡು, ದೇವರ ವಸ್ತುವಾಯಿತೆಂದು ಮುಟ್ಟಲು ಹಿಂಜರಿದು, ನನ್ನ ಮುಖ ನೋಡಿದರು. ನಾನೇ ತೆಗೆದು ಅವರ ಕೈಗಿಟ್ಟೆ. ನಾಲ್ಕೂ ಅಂಚಿನ ಮೇಲೆ ಹೆಬ್ಬೆರಳು ಎಳೆದು, "ನೆಟ್ಟಗಿದೆ" ಎಂದು ಹಿಂದಕ್ಕೆ ಕೊಟ್ಟರು.

ಈಗ ಅವರಿಲ್ಲ. ದಿನವೂ ವಿಭೂತಿ ತೆಗೆಯುವಾಗ ನನ್ನ ಹೆಬ್ಬೆರಳು ತಾನಾಗಿ ಆ ಅಂಚಿನ ಮೇಲೆ ಓಡುತ್ತದೆ. ನೆಟ್ಟಗಿದೆ ಟೀಚರ್.