ಮಲಗಿದ ಭತ್ತವನ್ನು ಅಕ್ಕ ಎಬ್ಬಿಸಿದ್ದು

ನಮ್ಮ ಅಕ್ಕ ಭತ್ತ ಕೊಯ್ಯುವ ಕಂಬೈನ್ ಯಂತ್ರ ಓಡಿಸುತ್ತಾಳೆ. ಅವಳ ಮನೆ ತಾಂಡವಪುರದಲ್ಲಿ. ಯಂತ್ರ ತಂದವನು ಭಾವ. ಒಂದು ಸುಗ್ಗಿ ಓಡಿಸುವಷ್ಟರಲ್ಲಿ ಅವನ ಸೊಂಟ ಕೈಕೊಟ್ಟಿತು. ಡ್ರೈವರ್ ಹುಡುಕುವ ಮಾತನ್ನು ನಾವು ಆಡುತ್ತಿರುವಾಗಲೇ ಅಕ್ಕ ಸೀರೆಯ ಮೇಲೆ ಭಾವನ ಹಳೇ ಶರ್ಟು ತೊಟ್ಟು ಸೀಟು ಹತ್ತಿ ಕೂತಳು. ಮೊದಲ ವರ್ಷ ಬದುವಿನ ಮೇಲೆ ನಿಂತು ಅವಳನ್ನು ನೋಡುವುದಕ್ಕೆಂದೇ ಜನ ಬರುತ್ತಿದ್ದರು. ನಾನು ಟ್ರ್ಯಾಕ್ಟರಿನಲ್ಲಿ ಭತ್ತ ಹೊರುವವನು, ಸುಗ್ಗಿ ಪೂರ್ತಿ ಅವಳ ಹಿಂದೆಯೇ ಇರುತ್ತೇನೆ.

ಕಳೆದ ಸುಗ್ಗಿಯಲ್ಲಿ ಮುಡುಕುತೊರೆ ಹತ್ತಿರದ ನಮ್ಮ ಸೋದರತ್ತೆಯ ಗದ್ದೆಗೆ ಹೋದೆವು. ಮಾಗಿದ ಭತ್ತದ ಮೇಲೆ ಮಳೆ ಗಾಳಿ ಬಡಿದು, ಪೈರೆಲ್ಲ ಪೂರ್ವಕ್ಕೆ ತಲೆ ಹಾಕಿ ಮಲಗಿಬಿಟ್ಟಿತ್ತು. ನಮಗಿಂತ ಮುಂಚೆ ಬಂದಿದ್ದ ಇನ್ನೊಂದು ಯಂತ್ರದವನು ಬದುವಿನಿಂದಲೇ ನೋಡಿ ಹಿಂದಿರುಗಿದ್ದನಂತೆ. ಕುಯ್ಯಲು ಆಳುಗಳೂ ಸಿಕ್ಕಿರಲಿಲ್ಲ.

“ಬುಡವ್ವ, ದನ ಬುಟ್ಟು ಮೇಯಿಸ್ಬುಡ್ತೀನಿ,” ಎಂದಳು ಅತ್ತೆ.

“ತಡಿಯತ್ತೆ, ಒಂದ್ಸಲ ನೋಡವ,” ಎಂದು ಅಕ್ಕ ಚಪ್ಪಲಿ ಬಿಟ್ಟು ಗದ್ದೆಗಿಳಿದಳು. ಹಿಮ್ಮಡಿಯಿಂದ ಮಣ್ಣು ಒತ್ತಿ ನೋಡಿದಳು. ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿದಾಗ ಕಾಳು ಸಲೀಸಾಗಿ ಬಿಟ್ಟುಕೊಂಡಿತು. ನನ್ನ ಕಡೆ ತಿರುಗಿ, “ಜೋರಾಗ್ ಬಡುದ್ರೆ ಎಲ್ಲಾ ನೆಲದ್ ಪಾಲು ಕಣ್ಲಾ,” ಎಂದಳು.

ಯಂತ್ರದ ಮೂತಿಯಲ್ಲಿ ಕತ್ತರಿಸುವ ಅಲಗು ಇರುತ್ತದೆ. ಅದರ ಮೇಲೆ ಹಲ್ಲುಗಳಿರುವ, ರಾಟೆಯಂತೆ ತಿರುಗುವ ಉದ್ದನೆಯ ರೀಲು. ನಿಂತ ಪೈರಾದರೆ ರೀಲು ಅದನ್ನು ಅಲಗಿನತ್ತ ಬಾಗಿಸಿದರೆ ಸಾಕು, ಮಲಗಿದ್ದನ್ನು ಎತ್ತಲೂ ಬೇಕು. ಅಕ್ಕ ರೀಲನ್ನು ತಗ್ಗಿಸಿದಳು, ಅಲಗಿಗಿಂತ ಮುಂದಕ್ಕೆ ಚಾಚಿದಳು, ಹಲ್ಲುಗಳನ್ನು ಕೊಂಚ ಹಿಂದಕ್ಕೆ ಓರೆ ಮಾಡಿದಳು. ಆಮೇಲೆ ತೆನೆಗಳಿಗೆ ಎದುರಾಗುವಂತೆ ಪೂರ್ವದ ಬದುವಿನಿಂದ ಯಂತ್ರ ಇಳಿಸಿದಳು.

ಮೊದಲ ಸಾಲು ಕೆಟ್ಟಿತು. ಹಿಂದೆ ನಡೆಯುತ್ತಿದ್ದ ನನಗೆ ನೆಲದ ತುಂಬ ಉದುರಿದ ಕಾಳು ಕಂಡಿತು. ಕೈ ಬೀಸಿ ನಿಲ್ಲಿಸಿದೆ. ಅವಳು ಇಳಿದು ಬಂದು ಒಂದು ಹಿಡಿ ಬಾಚಿ ನೋಡಿದಳು.

“ರೀಲು ಓಡ್ತಾ ಅದೆ, ಗಾಡಿ ತೆವುಳ್ತಾ ಅದೆ. ಎರಡಕ್ಕೂ ಒಂದಾಣಿಕೆ ಇಲ್ಲ.”

ರೀಲಿನ ವೇಗ ತಗ್ಗಿಸಿದಳು. ಅದು ಅತಿಯಾಯಿತು, ಈ ಸಲ ಪೈರು ಏಳದೆ ಯಂತ್ರದಡಿ ಹೊಸಕಿಹೋಯಿತು. ಅಕ್ಕ ಮುಖ ಸಿಂಡರಿಸಲಿಲ್ಲ. ಯಂತ್ರವನ್ನು ಇನ್ನಷ್ಟು ನಿಧಾನ ಮಾಡಿ, ರೀಲಿನ ವೇಗ ಯಂತ್ರದ ನಡಿಗೆಗಿಂತ ಒಂದಿಷ್ಟೇ ಹೆಚ್ಚಿರುವಂತೆ ಹೊಂದಿಸಿದಳು. ಆಗ ನೋಡಬೇಕಿತ್ತು! ಜ್ವರ ಬಂದವರ ಕತ್ತಿನಡಿ ಕೈಕೊಟ್ಟು ಗಂಜಿಗೆ ಎಬ್ಬಿಸುವಂತೆ, ರೀಲಿನ ಹಲ್ಲುಗಳು ತೆನೆಗಳನ್ನು ಒಂದೊಂದೇ ಗೊಂಚಲಾಗಿ ಎತ್ತಿ ಅಲಗಿಗೆ ಒಪ್ಪಿಸತೊಡಗಿದವು. ನಾನು ನೆಲ ನೋಡುವುದನ್ನೇ ಮರೆತೆ.

“ಇದೇನ್ಲಾ, ವಾಪಸ್ ಬರೋವಾಗ ಕುಯ್ಯದೆ ಸುಮ್ನೆ ಬತ್ತಾಳೆ?” ಎಂದಳು ಅತ್ತೆ.

“ಆ ಕಡೆಯಿಂದ ಕುಯ್ದ್ರೆ ತೆನೆ ಸಿಗಕ್ಕಿಲ್ಲ ಅತ್ತೆ,” ಎಂದೆ.

ಪ್ರತಿ ಸಾಲಿಗೂ ಹಾಗೆಯೇ ಖಾಲಿ ತಿರುಗಿ ಬಂದಳು. ಬಿಸಿಲೇರಿ ಹುಲ್ಲು ಗರಿಗರಿಯಾದಂತೆ ರೀಲನ್ನು ಮತ್ತೆ ಕೊಂಚ ಮೆತ್ತಗೆ ಮಾಡಿದಳು. ನಾನು ಹೇಳಿದ್ದಲ್ಲ, ಕಿವಿಗೆ ಸದ್ದು ಬದಲಾದದ್ದೇ ಅವಳಿಗೆ ಸಾಕಾಯಿತು.

ಕಾಲುವೆ ಪಕ್ಕದ ಮೂಲೆಯಲ್ಲಿ ನೀರು ನಿಂತಿತ್ತು. ಯಂತ್ರಕ್ಕೆ ಗಾಲಿಯ ಬದಲಿಗಿರುವ ಚೈನು ಕೆಸರಲ್ಲಿ ಹೂತುಹೋಗತೊಡಗಿದ ಕೂಡಲೇ ಹಿಂದಕ್ಕೆ ತೆಗೆದಳು. “ಇಲ್ಲಿ ನನ್ ಕೈಲಾಗಕ್ಕಿಲ್ಲ ಅತ್ತೆ. ಕುಡ್ಲು ಕೊಡು,” ಎಂದಳು. ಹಟಕ್ಕೆ ಬೀಳದ ಆ ಮಾತು ಕೂಡ ನನಗೆ ಹಿಡಿಸಿತು.

ಮೂವರೂ ಕುಡುಗೋಲು ಹಿಡಿದು ಬಗ್ಗಿದೆವು. ಬೆಳಗ್ಗೆ ದನ ಬಿಡುತ್ತೇನೆಂದಿದ್ದ ಅತ್ತೆಯೇ ಎಲ್ಲರಿಗಿಂತ ಮುಂದೆ ಹೋಗುತ್ತ ಅಕ್ಕನನ್ನು ಛೇಡಿಸಿದಳು: “ಮಿಷಿನ್ ಓಡ್ಸಿ ಓಡ್ಸಿ ಕುಡ್ಲು ಇಡಿಯೋದೇ ಮರ್ತೋಯ್ತೇನವ್ವ?”

ಅಕ್ಕ ಕೆಸರಲ್ಲೇ ಕೂತು ನಕ್ಕಳು. ನನ್ನ ಟ್ರ್ಯಾಕ್ಟರಿನ ಟ್ರೇಲರ್ ಯಂತ್ರ ಕೊಯ್ದ ಭತ್ತದಿಂದ ಆಗಲೇ ಅಂಚಿನವರೆಗೆ ತುಂಬಿತ್ತು.