ಕಾಕಾ ಹೇಳಿಹೋದ ಮೂರು ಪುಸ್ತಕಗಳು

ಮುಂಜಾನೆ ನಮ್ಮ ಓಣಿಯ ತುದಿಯ ಮದುವೆ ಮಂಟಪದಲ್ಲಿ ಹೆಂಗಸರು ಸಾಲಾಗಿ ಕೂತು, ಮೂಗಿನ ಒಂದು ಹೊಳ್ಳೆ ಒತ್ತಿ ಹಿಡಿದು ಇನ್ನೊಂದರಿಂದ ಉಸಿರು ಬಿಡುತ್ತಾರೆ. ಅಷ್ಟು ಜನರ ಉಸಿರು ಕೂಡಿದಾಗ ಬೇಸಿಗೆಯಲ್ಲಿ ಒಣಗಿದ ಬೇವಿನೆಲೆ ಅಂಗಳದಲ್ಲಿ ಸರಿದಾಡಿದ ಹಾಗೆ ಸದ್ದಾಗುತ್ತದೆ. ಮೊಣಕಾಲು ನೋವಿಗೆಂದು ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತೇನೆ. ಆದರೆ ಆ ಸದ್ದು ಶುರುವಾಯಿತೆಂದರೆ ನಾನು ನಾರಾಯಣಖೇಡದಲ್ಲಿ ಇರುವುದಿಲ್ಲ. ಜಹೀರಾಬಾದಿನ ತವರುಮನೆಯ ಮಾಳಿಗೆಯ ಮೇಲೆ, ನನ್ನ ಚಿಕ್ಕಮ್ಮ ಕಾಕುವಿನ ಬೆನ್ನ ಹಿಂದೆ ಇರುತ್ತೇನೆ. ಮೊನ್ನೆ ಕಲಿಸುವ ಹುಡುಗಿ ಹತ್ತಿರ ಬಂದು, "ಆಂಟಿ, ಬರೇ ಆಸನ ಮಾಡಿದ್ರ ಆಗಂಗಿಲ್ರಿ, ಯೋಗದ ಆಳಕ್ಕ ಇಳೀಬೇಕಂದ್ರ ಓದಬೇಕ್ರಿ," ಎಂದು ಓದಬೇಕಾದ ಪುಸ್ತಕಗಳ ಹೆಸರನ್ನು ನನ್ನ ಮೊಬೈಲಿಗೆ ಕಳಿಸಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಓದಬೇಕಂತೆ! ಅಲ್ಲವ್ವ ತಾಯಿ, ಆ ಪುಸ್ತಕಗಳನ್ನು ಓದಲು ಕೂತು ನಮ್ಮ ಮನೆ ಹೇಗೆ ಕಂಗಾಲಾಯಿತೆಂದು ನಿನಗೇನು ಗೊತ್ತು? "ಆತವ್ವ, ಓದ್ತೀನಿ" ಎಂದೆ.

ಆ ಮನೆ ಈಗಿಲ್ಲ. ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಅದಿದ್ದ ಜಾಗಕ್ಕೆ ಮೂರಂತಸ್ತಿನ ಕಾಂಪ್ಲೆಕ್ಸು ಬಂದು, ನಮ್ಮ ಅಡುಗೆಮನೆ ಇದ್ದಲ್ಲಿ ಚಪ್ಪಲಿ ಮಾರುತ್ತಾರೆ. ನೆಲಕ್ಕೆ ತಾಂಡೂರಿನ ಕಲ್ಲುಚಪ್ಪಡಿ ಹಾಸಿದ, ಮೇಲೆ ಮಣ್ಣಿನ ಮಾಳಿಗೆಯ ಮನೆ. ಏಪ್ರಿಲ್ ತಿಂಗಳಲ್ಲೂ ಬರಿಮೈಯಲ್ಲಿ ಆ ನೆಲದ ಮೇಲೆ ಮಲಗಿದರೆ ತಣ್ಣಗೆ ಹಾಯೆನಿಸುತ್ತಿತ್ತು. ಮನೆಯಲ್ಲಿ ಅಜ್ಜ, ಅಪ್ಪ, ಅವ್ವ, ನಾನು. ಮತ್ತೆ ಅಪ್ಪನ ತಮ್ಮ ಮಾಣಿಕ ಕಾಕಾ, ಅವನ ಹೆಂಡತಿ ಸುಭದ್ರಾ ಕಾಕು. ಕಾಕಾ ನಾರಾಯಣಖೇಡದ ಶಾಲೆಯಲ್ಲಿ ಡ್ರಿಲ್ ಮಾಸ್ತರ. ಶನಿವಾರ ಸಂಜೆಯ ಬಸ್ಸಿಗೆ ಬಂದವನು ರವಿವಾರ ಮುಂಜಾನೆ ಮಾಳಿಗೆಯ ಮೇಲೆ ತಲೆ ಕೆಳಗೆ ಮಾಡಿ ನಿಲ್ಲುತ್ತಿದ್ದ. ಹಪ್ಪಳ ಒಣಗಿಸಲು ಮೇಲೆ ಬಂದ ಅವ್ವ, "ಮಾಣಿಕಪ್ಪಾ, ಹಂಗ ನಿಂತ್ರ ಸ್ವರ್ಗ ಜಲ್ದಿ ಕಾಣಸ್ತದೇನು? ಕಾಲು ಜರಾ ಆಕಡಿ ಮಾಡು, ಹಪ್ಪಳಕ್ಕ ನೆರಳ ಬೀಳ್ತದ" ಎನ್ನುತ್ತಿದ್ದಳು. ಅವನು ತಲೆಕೆಳಗಾಗಿಯೇ ನಗುತ್ತಿದ್ದ. ತಲೆಕೆಳಗಾದವರ ನಗು ಅಳುವಿನಂತೆ ಕಾಣುತ್ತದೆ, ನೀವೂ ನೋಡಿರಬಹುದು. ಆಸನ ಕಲಿಯಲು ಬಂದ ಓಣಿಯ ಹುಡುಗರಿಗೆಲ್ಲ ಅವನದು ಒಂದೇ ಮಾತು: "ಮೈ ಬಗ್ಗಿಸೋದು ಯಾರಿಗಾದ್ರೂ ಬರ್ತದ. ಓದ್ರಿ. ಓದ್ಲಿಲ್ಲಂದ್ರ ಇದು ಸರ್ಕಸ್ ಆಗ್ತದ."

ಅವನ ಪುಸ್ತಕಗಳು ನಡುಮನೆಯ ಗೋಡೆಯ ಗೂಡಿನಲ್ಲಿದ್ದವು. ಉಸಿರಿನ ಬಗ್ಗೆ ಕನ್ನಡದ್ದೊಂದು, ಮನಸ್ಸಿನ ಬಗ್ಗೆ ತೆಲುಗಿನದೊಂದು, ಆತ್ಮದ ಬಗ್ಗೆ ಉರ್ದುವಿನದೊಂದು. ಇದರಲ್ಲಿ ವಿಚಿತ್ರವೇನೂ ಇಲ್ಲ. ನಮ್ಮ ಕಡೆ ಒಂದೇ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಲಿಪಿಯವರು. ನಿಜಾಮನ ಕಾಲದಲ್ಲಿ ಕಲಿತ ಅಜ್ಜನಿಗೆ ಉರ್ದು ಬಿಟ್ಟು ಬೇರೆ ಓದಲು ಬರುತ್ತಿರಲಿಲ್ಲ. ಹುಮನಾಬಾದ ಕಡೆಯಿಂದ ಬಂದ ಕಾಕುಗೆ ಕನ್ನಡ ಮಾತ್ರ. ತೆಲುಗು ಶಾಲೆಯ ಐದನೆಯ ಇಯತ್ತೆಯಲ್ಲಿದ್ದ ನನಗೆ ತೆಲುಗು. ಮಾತಿಗೆ ಕೂತರೆ ಎಲ್ಲರದೂ ಕನ್ನಡವೇ, ಜಗಳಕ್ಕೆ ಮಾತ್ರ ಉರ್ದು. ಕಾಕಾ ಒಬ್ಬನಿಗೆ ಮೂರೂ ಬರುತ್ತಿದ್ದವು.

ಇನ್ನೊಂದು ಪದ್ಧತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಶ್ರಾವಣದಲ್ಲಿ ನಮ್ಮಲ್ಲಿ ಪೋಥಿ, ಅಂದರೆ ಪುರಾಣದ ಪುಸ್ತಕ, ಓದುತ್ತಾರೆ. ಮಣೆಯ ಮೇಲೆ ಪುಸ್ತಕವಿಟ್ಟು ಅರಿಶಿಣ ಕುಂಕುಮ ಏರಿಸಿ ಒಬ್ಬರು ಓದಬೇಕು, ಉಳಿದವರು ಮಾತುಮಾತಿಗೆ "ಹೂಂ" ಅನ್ನಬೇಕು. ಕಡೆಯ ಅಧ್ಯಾಯಕ್ಕೆ ಮಂಗಳ ಎನ್ನುತ್ತಾರೆ. ಅದನ್ನು ಹಾಗೆಲ್ಲ ಓದುವಂತಿಲ್ಲ. ಯಾರ ಹೆಸರಿನಲ್ಲಿ ಪೋಥಿ ಹಿಡಿದಿರುತ್ತಾರೋ ಆ ಗಂಡ ಹೆಂಡತಿ ಜೋಡಿಯಾಗಿ ಕೂತು, ಕಾಯಿ ಒಡೆದು, ಹೋಳಿಗೆ ನೈವೇದ್ಯ ಮಾಡಿ ಮಂಗಳ ಓದಿಸಬೇಕು. ಗಂಡ ಊರಲ್ಲಿ ಇಲ್ಲವೆಂದರೆ ಅವನು ಬರುವ ತನಕ ಪೋಥಿ ಮಣೆಯ ಮೇಲೇ ಕಾಯುತ್ತದೆ. ಹಾಗೆ ತಿಂಗಳುಗಟ್ಟಲೆ ಕಾದ ಪೋಥಿಗಳು ನಮ್ಮ ಓಣಿಯಲ್ಲಿದ್ದವು.

ಆ ವರ್ಷ ತೆಲಂಗಾಣದ ಗಲಾಟೆ. ನಾನು ಮೊದಲನೆಯ ಸಲದ್ದು ಹೇಳುತ್ತಿದ್ದೇನೆ, ನಮ್ಮ ಚಿಕ್ಕಂದಿನದು. ಶಾಲೆಗಳು ಮುಚ್ಚಿದವು. ದೊಡ್ಡ ಹುಡುಗರು ಜೈಕಾರ ಹಾಕುತ್ತ ರಸ್ತೆ ತುಂಬ ಓಡಾಡಿದರು. ಅವರೊಂದಿಗೆ ಕೂಗಬೇಕೋ ಬೇಡವೋ ನನಗೆ ತಿಳಿಯದು. ನಾವು ಮಾತಾಡುವುದು ಕನ್ನಡ, ಇರುವುದು ಆಂಧ್ರ, ಬೇಡುವುದು ತೆಲಂಗಾಣ! ಅಜ್ಜನನ್ನು ಕೇಳಿದರೆ, "ಯಾವ ರಾಜ್ಯ ಬಂದ್ರೂ ನಾವು ಕಡೀ ಊರಿನವರೇ, ಸುಮ್ನ ಕೂಡು" ಎಂದು ಗದರಿದ. ಶಾಲೆ ಇಲ್ಲದೆ ಕಾಕಾನೂ ಮನೆಗೆ ಬಂದಿದ್ದ. ಆದರೆ ಮನೆಯಲ್ಲಿದ್ದೂ ಇಲ್ಲದ ಹಾಗಿದ್ದ. ಒಂದು ದಿನ ಜೈಕಾರದವರ ಹಿಂದೆ ಹೋಗುತ್ತಿದ್ದ, ಇನ್ನೊಂದು ದಿನ ಉಪವಾಸ ಮಾಡಿ ಮಾಳಿಗೆಯ ಮೇಲೆ ಕಣ್ಣು ಮುಚ್ಚಿ ಕೂಡುತ್ತಿದ್ದ. ಒಂದು ಮುಂಜಾನೆ ಕಾಕು ರೊಟ್ಟಿ ತಟ್ಟುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ತಾಂಡೂರಿನಲ್ಲಿ ಅವನಿಗೆ ಯೋಗ ಕಲಿಸಿದ ಮುದುಕರೊಬ್ಬರಿದ್ದರು. "ತಾಂಡೂರಿಗೆ ಹೋಗಿ ಬರ್ತೀನಿ" ಎಂದ. ಎರಡು ಹೆಜ್ಜೆ ಹೋದವನು ತಿರುಗಿ ಬಂದು, "ಗೂಡಿನಾಗಿನ ಮೂರು ಪುಸ್ತಕ ಓದು. ಮೊದಲ ಉಸಿರಿಂದು, ಆಮ್ಯಾಲ ತೆಲುಗಿಂದು, ಕಡೀಕ ಉರ್ದೂದು. ಓದಿದ್ರ ನಿನಗ ತಿಳೀತದ" ಎಂದ. ಏನು ತಿಳಿಯುತ್ತದೆ ಅಂತ ಅವನು ಹೇಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯುತ್ತದೆಂದು ಅವಳೂ ಕೇಳಲಿಲ್ಲ.

ಹೋದವನು ಬರಲಿಲ್ಲ. ಅಪ್ಪ ಮತ್ತು ಅಜ್ಜ ತಾಂಡೂರಿಗೆ ಹೋದರು. ಆ ಗುರುಗಳು, ಬಂದಿದ್ದ, ಉಂಡ, ಸ್ಟೇಷನ್ ಕಡೆ ಹೋದ ಎಂದರಂತೆ. ಸ್ಟೇಷನ್ನಿನಲ್ಲಿ ಒಬ್ಬ ಹಮಾಲ, ರೈಲು ತಡೆದ ಗುಂಪಿನಲ್ಲಿ ಅಂಥವನೊಬ್ಬನನ್ನು ನೋಡಿದೆ, ಅಂದು ಕಲ್ಲು ಬಿದ್ದವು, ಓಡಾಟವಾಯಿತು, ಮುಂದಿನದು ಮಾಲೂಮಿಲ್ಲ ಎಂದ. ಬಶೀರಾಬಾದಿನ ಮುದುಕನೊಬ್ಬ, ಕಾವಿಯವರ ಜೊತೆ ರೈಲು ಹತ್ತಿದ್ದನ್ನು ಕಣ್ಣಾರೆ ಕಂಡೆ ಎಂದ. ಗುಂಪಿನಲ್ಲಿದ್ದವನು ಕಾಕಾನೋ, ಕಾವಿಯವರ ಜೊತೆಗಿದ್ದವನು ಕಾಕಾನೋ? ಎರಡೂ ಅವನಾಗಬಹುದಿತ್ತು, ಎರಡೂ ಅವನಾಗದಿರಬಹುದಿತ್ತು. ಅವನು ಸತ್ತನೋ ಸನ್ಯಾಸಿಯಾದನೋ ಎಂಬ ಮಾತು ಓಣಿಯಲ್ಲೆಲ್ಲ ಓಡಾಡಿತು. ಮನೆಗೆ ಬಂದ ಹೆಂಗಸರು ಮೊದಲು ಕಾಕುವಿನ ಹಣೆ ನೋಡುತ್ತಿದ್ದರು, ಆಮೇಲೆ ಮುಖ. ನೆರೆಮನೆಯ ಶರಣಮ್ಮ ಬಾಯಿಬಿಟ್ಟೇ ಕೇಳಿದಳು: "ಕುಂಕುಮದ್ದು ಏನು ಮಾಡ್ತೀರಿ?" ಅಜ್ಜ ಒಳಗಿನಿಂದಲೇ, "ಸುದ್ದಿ ಬರೂತನ ಹಂಗೇ ಇರ್ತದ. ನೀ ನಿನ್ನ ಮನಿ ನೋಡ್ಕೋ" ಎಂದ.

ಕಾಕು ಅತ್ತದ್ದನ್ನು ನಾನು ಕಾಣಲಿಲ್ಲ. ಒಂದು ಮಧ್ಯಾಹ್ನ ತಲೆಮೇಲೆ ನೀರು ಹಾಕಿಕೊಂಡು ಬಂದು ಅಜ್ಜನ ಮುಂದೆ ನಿಂತಳು. "ಮಾವಾರ, ಓದಿದ್ರ ತಿಳೀತದ ಅಂದಾರ. ಮನಿ ಬಿಡು ಅಂತ ಆ ಪುಸ್ತಕದಾಗ ಎಲ್ಲಾದ್ರೂ ಬರದಿದ್ರ, ಅವರು ಅದನ್ನ ಓದೇ ಹೋಗ್ಯಾರ, ಜೀವಂತ ಅದಾರ. ಬರದಿಲ್ಲಂದ್ರ..." ಎಂದು ನಿಲ್ಲಿಸಿದಳು. ಅಜ್ಜ ಚಶ್ಮಾ ಒರೆಸಿಕೊಂಡ. ಪುಸ್ತಕ ಹೇಗೆ ಓದಬೇಕೆಂದು ನಮಗೆ ಗೊತ್ತಿದ್ದದ್ದು ಒಂದೇ ರೀತಿ. ಮಣೆ ಬಂತು, ಅರಿಶಿಣ ಕುಂಕುಮ ಬಂತು, ಮಾಣಿಕ ಸುಭದ್ರಾ ಇಬ್ಬರ ಹೆಸರಿನಲ್ಲಿ ಯೋಗದ ಪುಸ್ತಕವನ್ನು ಪೋಥಿಯಾಗಿ ಹಿಡಿದೆವು.

ಕನ್ನಡದ್ದನ್ನು ಕಾಕು ಓದಿದಳು. ಉಸಿರನ್ನು ಎಷ್ಟು ಎಳೆಯಬೇಕು, ಎಷ್ಟು ತಡೆಯಬೇಕು, ಯಾವಾಗ ಬಿಡಬೇಕು ಎಂಬ ಮಾತಿಗೆಲ್ಲ ನಾವು ಭಕ್ತಿಯಿಂದ "ಹೂಂ" ಅಂದೆವು. ಮಲಬದ್ಧತೆಗೆ ಏನು ಮಾಡಬೇಕೆಂಬ ಪುಟಕ್ಕೂ ಶರಣಮ್ಮ ಕೈಮುಗಿದು "ಹೂಂ" ಅಂದಳು. ಮಾಡಿ ನೋಡಬೇಕಾದ ಪುಸ್ತಕವನ್ನು ಪೂಜೆ ಮಾಡಿದೆವು. ತೆಲುಗಿನದು ನನ್ನ ಪಾಲಿಗೆ ಬಂತು. ನಾನು ಒಂದು ಸಾಲು ಓದಿ ನನಗೆ ತಿಳಿದ ಕನ್ನಡದಲ್ಲಿ ಹೇಳಬೇಕು. ಮನಸ್ಸು ಅಂಟಿದ್ದನ್ನೆಲ್ಲ ಬಿಡಬೇಕು ಎಂದು ಅದರಲ್ಲಿ ಪುಟಪುಟಕ್ಕೂ ಇತ್ತು. ಕಾಕು ನನ್ನ ಕೈ ಹಿಡಿದು ಕೇಳಿದಳು: "ತಂಗೀ, ಸರಿಯಾಗಿ ನೋಡಿ ಹೇಳು. ಬಿಡೋದಂದ್ರ ಮನಿ ಬಿಡೋದೋ, ಮನಿಯಾಗ ಕೂತು ಮನಸಿನಾಗ ಬಿಡೋದೋ?" ನಾನು ಮತ್ತೆ ಓದಿದೆ. ಒಮ್ಮೆ ಹಾಗೆ ಕಂಡಿತು, ಒಮ್ಮೆ ಹೀಗೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದ ಪುಣ್ಯಾತ್ಮ. "ಎರಡೂ ಅನಸ್ತದ ಕಾಕು" ಎಂದೆ. ಅವಳ ಮುಖ ನೋಡಿ ನನಗೇ ಅಳು ಬಂತು. ಉರ್ದುವಿನದನ್ನು ಅಜ್ಜ ಓದಿ ಹೇಳಿದ. ಬಿಡುವುದು, ಹಿಡಿಯುವುದು ಎಲ್ಲ ಭ್ರಮೆ ಎಂದು ಅದರಲ್ಲಿತ್ತು. "ಭ್ರಮೆ ಅಂದ್ರ ನಾನೂನಾ?" ಎಂದಳು ಕಾಕು. ಅಜ್ಜ ನಶ್ಯ ಏರಿಸಿದ. ಓದಿ ಓದಿ ಮರುಳಾದ ಕೂಚಂಭಟ್ಟ ಅಂತಾರಲ್ಲ, ಮನೆಮಂದಿಯೆಲ್ಲ ಹಾಗಾದೆವು.

ಮೂರೂ ಪುಸ್ತಕ ಕಡೆಯ ಅಧ್ಯಾಯಕ್ಕೆ ಬಂದು ನಿಂತವು. ಅವು ಮಂಗಳ. ಗಂಡನಿಲ್ಲದೆ ಓದುವಂತಿಲ್ಲ. ಉತ್ತರ ಇದ್ದರೆ ಅಲ್ಲೇ ಇರಬೇಕೆಂದು ಎಲ್ಲರಿಗೂ ಅನಿಸಿತ್ತು, ಆದರೂ ಅಜ್ಜ ಒಪ್ಪಲಿಲ್ಲ. ಕಾಕಾನ ಟೊಪ್ಪಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂಡಲು ಶರಣಮ್ಮ ಹೇಳಿದಳು. "ಟೊಪ್ಪಿಗಿ ಹೂಂ ಅಂತದೇನವ್ವ?" ಎಂದಳು ಕಾಕು. ಶಾಲೆಗಳು ತೆರೆದವು, ಗಲಾಟೆ ತಣ್ಣಗಾಯಿತು, ಪುಸ್ತಕಗಳು ಮಣೆಯ ಮೇಲೇ ಉಳಿದವು. ಅಡುಗೆ ಮಾಡುವಾಗಲೂ ಕಾಕುವಿನ ಕಣ್ಣು ಅತ್ತ ಕಡೆಗೇ ಇರುತ್ತಿತ್ತು.

ಮರುವರ್ಷ ಒಂದು ದಿನ ಶಾಲೆಯಿಂದ ಬಂದಾಗ ಕಾಕು ಅಡುಗೆಮನೆಯಲ್ಲಿ ಈಳಿಗೆಯ ಮುಂದೆ ಕೂತಿದ್ದಳು. ತೊಡೆಯ ಮೇಲೆ ಕನ್ನಡದ ಪುಸ್ತಕ. ಹಳೆಯ ಕಾಲದ ಪುಸ್ತಕಗಳ ಹಾಳೆಗಳು ಕೆಲವೊಮ್ಮೆ ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು, ಓದುವವರೇ ಸೀಳಿಕೊಳ್ಳಬೇಕು. ಕಡೆಯ ಅಧ್ಯಾಯದ ಹಾಳೆಗಳನ್ನು ಯಾರೂ ಸೀಳಿರಲಿಲ್ಲ. ಕಾಕಾನೂ ಸೀಳಿರಲಿಲ್ಲ. ಅವಳು ಒಂದೊಂದೇ ಹಾಳೆಯನ್ನು ಈಳಿಗೆಯ ಅಲಗಿಗೆ ಕೊಟ್ಟು ಬಿಡಿಸಿ ಗಟ್ಟಿಯಾಗಿ ಓದಿದಳು. ಮನೆಯಲ್ಲಿದ್ದುಕೊಂಡೇ ಸಾಧನೆ ಮಾಡುವವರಿಗೆಂದು ಆ ಅಧ್ಯಾಯ. ಎಲ್ಲಿಗೂ ಹೋಗುವ ಕಾರಣವಿಲ್ಲ, ಮನೆಯ ಒಂದು ಮೂಲೆ ಸಾಕು, ನಂಬಿದವರನ್ನು ನೋಯಿಸಿ ಮಾಡಿದ್ದು ಫಲಿಸುವುದಿಲ್ಲ ಎಂದಿತ್ತು. ಅವ್ವ ಸೆರಗು ಬಾಯಿಗೆ ಹಿಡಿದು, "ಇಷ್ಟು ಓದಿದ್ರ ಅಂವ ಹೋಗ್ತಿದ್ದಿಲ್ಲ" ಎಂದಳು. ಕಾಕು ಆ ಸೀಳಿದ ಅಂಚನ್ನು ಬೆರಳಿನಿಂದ ಸವರುತ್ತ, "ಅಕ್ಕಾ, ಅವರೂ ಈ ಮನೀ ಮಗಾನೇ ಅಲ್ಲೇನು? ಮಂಗಳ ಅಂತ ಬಿಟ್ಟಾರ. ನನ್ನ ಜೋಡಿ ಕೂತು ಓದಾಕ ಬಿಟ್ಟಾರ" ಎಂದಳು. ಆಗ ಅತ್ತಳು. ಓದದೆ ಹೋದನೋ, ಓದಲಿಕ್ಕೆಂದು ತಿರುಗಿ ಬರುವವನಿದ್ದನೋ? ಈಗಲೂ ನನಗೆ ತಿಳಿದಿಲ್ಲ, ನಿಮಗೆ ತಿಳಿದರೆ ಹೇಳಿ.

ಅಂದೇ ಉಳಿದೆರಡನ್ನೂ ತೆಗೆದಳು. ಅಜ್ಜನಿಗೆ ಇಲ್ಲವೆನ್ನುವ ಶಕ್ತಿ ಉಳಿದಿರಲಿಲ್ಲ. ಉರ್ದುವಿನ ಕಡೆಯ ಅಧ್ಯಾಯದಲ್ಲಿ ಮನೆ ಬಿಟ್ಟು ಹೋಗುವವನ ನೇಮಗಳಿದ್ದವು; ಹಿಂದೆ ತಿರುಗಿ ನೋಡಬಾರದು ಎಂಬುದೇ ಮೊದಲನೆಯದು. ಓದಿ ಅಜ್ಜ ಪುಸ್ತಕ ಮುಚ್ಚಿಬಿಟ್ಟ. ಕಾಕು ನನ್ನ ಕಡೆ ತಿರುಗಿದಳು. ಒಂದು ಇರು ಅಂದಿತ್ತು, ಒಂದು ಹೋಗು ಅಂದಿತ್ತು, ತೀರ್ಪು ತೆಲುಗಿನದು. ನಾನು ತೆರೆದೆ. ಯೋಗದಲ್ಲಿ ಇನ್ನೂ ಆಳಕ್ಕೆ ಹೋಗಬೇಕೆನ್ನುವವರು ಮುಂದೆ ಓದಬೇಕಾದ ಪುಸ್ತಕಗಳು ಎಂದು ಬರೆದು, ಬರೀ ಪುಸ್ತಕಗಳ ಹೆಸರು ಕೊಟ್ಟಿದ್ದರು. ಅಷ್ಟೇ ಇತ್ತು. "ಇನ್ನಾ ಓದಬೇಕಂತೇನು?" ಎಂದ ಕಾಕು ನಗತೊಡಗಿದಳು. ಅವಳು ನಗುವುದನ್ನು ನೋಡಿ ಅವ್ವ ನಕ್ಕಳು, ಅಜ್ಜನೂ ನಕ್ಕ, ಯಾಕೆ ನಗುತ್ತಿದ್ದೇವೆಂದು ಒಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ಅವಳು ಓದಲಿಲ್ಲ. ದಿನಾ ಮುಂಜಾನೆ ಮಿಂದು ಕುಂಕುಮ ಹಚ್ಚಿಕೊಂಡು ಮಾಳಿಗೆಗೆ ಹೋಗಿ, ಮೊದಲ ಪುಸ್ತಕದಲ್ಲಿ ಹೇಳಿದ ಹಾಗೆ ಉಸಿರು ಎಳೆದು ಬಿಟ್ಟು ಕೂಡುತ್ತಿದ್ದಳು. ಅಜ್ಜ ಹೋದ. ನನ್ನನ್ನು ನಾರಾಯಣಖೇಡಕ್ಕೆ ಕೊಟ್ಟರು, ಆಮೇಲೆ ಅಪ್ಪ ಅವ್ವನೂ ಹೋದರು. ತವರಿಗೆ ಹೋದಾಗ ಒಮ್ಮೆ, "ಇಷ್ಟು ವರ್ಷ ಕೂತೀದಿ, ಏನು ತಿಳೀತು ಕಾಕು?" ಎಂದು ಕೇಳಿದ್ದೆ. "ಮೊಣಕಾಲು ನೋವು ಕಡಿಮಿ ಆತು. ಸಿಟ್ಟು ಇನ್ನಾ ಹೋಗಿಲ್ಲ," ಎಂದಳು. ಆಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಲು ಕೂಡಿಸಿಕೊಂಡಳು.

ಅವಳು ತೀರಿಕೊಂಡದ್ದು ತೆಲಂಗಾಣದ ಎರಡನೆಯ ಸಲದ ಹೋರಾಟದ ದಿನಗಳಲ್ಲಿ. ಬಸ್ಸುಗಳು ನಿಂತಿದ್ದವು. ಜೀಪಿನಲ್ಲಿ ಒತ್ತಿಕೊಂಡು ಕೂತು ಜಹೀರಾಬಾದು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಮಾಳಿಗೆಯ ಮೇಲೆ ಕೂತವಳು ಕೂತ ಹಾಗೇ ಹೋಗಿದ್ದಳಂತೆ. ಅಂಗಳ ತುಂಬ ಜನ, ಆದರೆ ಏನೂ ಮುಂದುವರಿದಿರಲಿಲ್ಲ. ಹೆಂಗಸರು ಹಸಿರು ಬಳೆ, ಅರಿಶಿಣ ಕುಂಕುಮದ ತಟ್ಟೆ ತಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಮುತ್ತೈದೆಯಾದರೆ ಉಡಿ ತುಂಬಿ ಹೊಸ ಕುಂಕುಮ ಇಡಬೇಕು. ಅಲ್ಲವಾದರೆ ಇದ್ದದ್ದನ್ನು ಒರೆಸಬೇಕು. ನಾನು ಒಳಗೆ ಕಾಲಿಡುತ್ತಲೇ ಹಿರಿಯಳೊಬ್ಬಳು ಎದ್ದು ಬಂದು, "ನೀ ಆ ಪುಸ್ತಕ ಓದಿದಾಕಿ ಅಲ್ಲೇನವ್ವ? ನೀನೇ ಹೇಳು. ಮಾಣಿಕಪ್ಪ ಅದಾನೋ, ಇಲ್ಲೋ?" ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ಮುಂಜಾನೆ ಕಾಕು ತಾನೇ ಹಚ್ಚಿಕೊಂಡಿದ್ದ ಕುಂಕುಮ ಬೆವರಿಗೆ ಸ್ವಲ್ಪ ಹರಡಿ ಹಣೆಯಲ್ಲಿ ಹಾಗೇ ಇತ್ತು. ನಾನು ಹತ್ತಿರ ಕೂತು, "ಆಕಿ ಹಚ್ಕೊಂಡದ್ದು ಆಕಿದು. ಮ್ಯಾಲ ಯಾರೂ ಹಚ್ಚಬ್ಯಾಡ್ರಿ, ಯಾರೂ ಒರಸಬ್ಯಾಡ್ರಿ" ಎಂದೆ. ತಟ್ಟೆ ಒಳಗೆ ಹೋಯಿತು. ಅವಳನ್ನು ಹಾಗೇ ಒಯ್ದರು.